ಸ್ಮಶಾನದ ಇಳಿಜಾರಿನಲ್ಲಿ ನರಳುತ್ತಿದ್ದ ಜೀಪು

ನನ್ನ ಮೊಮ್ಮಗಳಿಗೆ ಕೆಲಸ ಸಿಕ್ಕಿತು! ಎಚ್.ಡಿ. ಕೋಟೆಯ ಗ್ಯಾರೇಜಿನಲ್ಲಿ ಬ್ರೇಕ್ ಮೆಕ್ಯಾನಿಕ್ ಕೆಲಸ. ನಾಳೆಯಿಂದಲೇ ಬಾ ಅಂದರು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಅಕ್ಷರ ಸೊಟ್ಟ ಬಂದರೆ ಬರಲಿ, ಇದನ್ನು ಬರೆಯದೆ ಇರಲಾರೆ.

ಅಂತರಸಂತೆಯ ಆಚೆ, ಕಾಡಂಚಿನ ನಮ್ಮೂರಿನಿಂದ ಬೆಳಿಗ್ಗೆ ಬೆಳಿಗ್ಗೆ ಜನರನ್ನು ಜೀಪಿನಲ್ಲಿ ಕರೆದೊಯ್ಯುವುದು ನನ್ನ ಕಸುಬು. ಊರು ಬಿಟ್ಟು ಒಂದು ಏರು ಹತ್ತಿದರೆ ಸ್ಮಶಾನದ ಇಳಿಜಾರು. ನನ್ನ ಹೆಂಡತಿಯನ್ನು ಮಣ್ಣು ಮಾಡಿದ್ದು ಅಲ್ಲೇ, ರಸ್ತೆಯ ಬದಿಗೆ. ಅವಳು ತೀರಿಕೊಂಡ ಮಳೆಗಾಲದಿಂದ, ಅಲ್ಲಿ ಬ್ರೇಕ್ ತುಳಿದೊಡನೆ ಜೀಪು ನರಳಲು ಶುರುಮಾಡಿತು. ಹೆಂಗಸು ನೋವಿನಲ್ಲಿ ಮುಲುಕಿದ ಹಾಗೆ, ಉದ್ದಕ್ಕೆ. ಕೊನೆಯ ದಿನಗಳಲ್ಲಿ ಅವಳು ಹಾಗೇ ಮುಲುಕುತ್ತಿದ್ದಳು. ಇಳಿಜಾರು ಮುಗಿಯುವಷ್ಟರಲ್ಲಿ ಸದ್ದು ನಿಲ್ಲುತ್ತಿತ್ತು. ಆಮೇಲೆ ದಿನವಿಡೀ ಇಲ್ಲ.

"ನಿನ್ನೆಡ್ತಿ ಕರೀತಾವ್ಳೆ ಕಣ್ಲಾ, ಓಗಿ ಮಾತಾಡ್ಸ್ಕಂಡು ಬಾ," ಎಂದು ನನ್ನ ಗೆಳೆಯ ಅಣಕಿಸುತ್ತಿದ್ದ. ಏರಿನ ತುದಿಯಲ್ಲಿ ಮೊದಲು ಇಳಿಯುತ್ತಿದ್ದವನೂ ಅವನೇ. ಎಲ್ಲರೂ ಇಳಿದು, ಚಪ್ಪಲಿ ಕೈಯಲ್ಲಿ ಹಿಡಿದು, ನಡೆದೇ ಸ್ಮಶಾನ ದಾಟುತ್ತಿದ್ದರು. ಹಾಗೆ ನಡೆದದ್ದಕ್ಕೇ ಅವಳು ಸುಮ್ಮನಾಗುತ್ತಾಳೆ ಎಂದು ನಂಬಿದ್ದರು. ನಾನೊಬ್ಬನೇ ಖಾಲಿ ಜೀಪಿನಲ್ಲಿ "ಬತ್ತೀನಿ ಕಣೇ" ಎನ್ನುತ್ತ ಇಳಿಯುತ್ತಿದ್ದೆ. ಹೆದರಿಕೆಯಾಗುತ್ತಿತ್ತು. ಆದರೂ ಚಕ್ರ ಬಿಚ್ಚಿಸಿ ರಿಪೇರಿ ಮಾಡಿಸಲು ಮನಸ್ಸು ಬರಲಿಲ್ಲ.

ಮೊಮ್ಮಗಳು ಹುಣಸೂರಿನಲ್ಲಿ ಐಟಿಐ ಓದಿ ಕೆಲಸ ಕೇಳಲು ಹೋದರೆ ಗ್ಯಾರೇಜಿನ ಯಜಮಾನರು ನಕ್ಕರಂತೆ. "ಮೊದ್ಲು ನಿಮ್ತಾತನ ಅಳೋ ಜೀಪು ವಾಸಿ ಮಾಡವ್ವ. ಜನ ತುಂಬ್ಕಂಡು ಆ ಇಳಿಜಾರು ಇಳೀಲಿ, ನಾನೂ ಕೂತ್ಕತೀನಿ. ಸದ್ದು ಬರ್ಲಿಲ್ಲ ಅಂದ್ರೆ ಕೆಲ್ಸ ನಿಂದೇ."

ಹೋದ ವಾರ ಮೊಮ್ಮಗಳು ಚಕ್ರ ಬಿಚ್ಚಿ, ಅದರ ಹಿಂದಿನ ಬ್ರೇಕ್ ಡ್ರಮ್ ಎಳೆದು ತೆಗೆದಳು. ಕಪ್ಪು ಧೂಳು ಬೂದಿಯ ಹಾಗೆ ಸುರಿಯಿತು. ಒಳಗೆ ಅರ್ಧಚಂದ್ರದಂಥ ಎರಡು ಶೂ. "ಪೆಡಲ್ ತುಳಿದ್ರೆ ಇವೆರಡೂ ಅಗಲ ಆಗಿ ಡ್ರಮ್ಮನ್ನ ಒಳಗಿಂದ ಒತ್ತಿ ಹಿಡೀತವೆ ತಾತ." ಶೂ ಮೇಲಿನ ಲೈನಿಂಗ್ ಪಟ್ಟಿ ಸವೆದು, ಅದನ್ನು ಬಿಗಿದ ರಿವೆಟ್ ಮೊಳೆಯ ತಲೆ ಹೊರಗೆ ಬಂದಿತ್ತು. ಅದು ಡ್ರಮ್ಮಿನ ಒಳಮೈಯಲ್ಲಿ ಕೆರೆದ ಗೀರಿನ ಮೇಲೆ ನನ್ನ ಬೆರಳು ಹಿಡಿದು ಆಡಿಸಿದಳು.

"ಇಬ್ಬನಿಗೆ ಡ್ರಮ್ ಒಳಗೆ ತೆಳ್ಳಗೆ ತುಕ್ಕು ಹಿಡೀತದೆ. ದಿನದ ಮೊದಲ್ನೇ ಜೋರು ಬ್ರೇಕು ನೀನು ಹಾಕೋದು ಆ ಇಳಿಜಾರಲ್ಲೇ. ತುಕ್ಕು ಉಜ್ಜಿ ಹೋಗೋಗಂಟ ನರಳ್ತದೆ."

"ಅಂಗಾರೆ ನಿಮ್ಮಜ್ಜಿ ಅಲ್ವಾ?"

"ಅಜ್ಜಿ ಆಗಿದ್ರೆ ನಿಂಗೆ ಬೈದು ಎಂದೋ ಚಕ್ರ ಬಿಚ್ಚುಸ್ತಿದ್ಲು! ಇನ್ನೊಂದು ತಿಂಗ್ಳು ಬುಟ್ಟಿದ್ರೆ ಬ್ರೇಕೇ ಹಿಡೀತಿರ್ಲಿಲ್ಲ."

ಡ್ರಮ್ಮುಗಳನ್ನು ಲೇತಿನಲ್ಲಿ ನಯ ಮಾಡಿಸಿದಳು, ಹೊಸ ಲೈನಿಂಗ್ ಬಡಿದಳು. ಇಬ್ಬನಿ ತಾಕದಂತೆ ಜೀಪನ್ನು ಕೊಟ್ಟಿಗೆಗೆ ಸೇರಿಸಿದಳು. ಹಸು ಅಂಗಳಕ್ಕೆ ಬಂತು.

ಈ ಬೆಳಿಗ್ಗೆ ಯಜಮಾನರು ನನ್ನ ಪಕ್ಕ ಕೂತರು. ಏರಿನ ತುದಿಯಲ್ಲಿ ಜನ ರೂಢಿಯಂತೆ ಒಂದು ಕಾಲು ಹೊರಗಿಟ್ಟರು. "ಯಾರೂ ಇಳೀಬ್ಯಾಡಿ," ಎಂದಳು ಮೊಮ್ಮಗಳು. ಗೆಳೆಯ ಕಣ್ಣು ಮುಚ್ಚಿಕೊಂಡ. ನಾನು ಪೆಡಲ್ ತುಳಿದೆ.

ಸದ್ದಿಲ್ಲ. ಹಿಂದೆ ಯಾರದೋ ಬಳೆ ಅಲುಗಿತು, ಅಷ್ಟೆ. ಹೆಂಡತಿಯ ಗುಡ್ಡೆಮಣ್ಣಿನ ಮೇಲೆ ಮಂಜು ಕೂತಿತ್ತು. ಬಾಯಿ ತಪ್ಪಿ "ಬತ್ತೀನಿ ಕಣೇ" ಅಂದುಬಿಟ್ಟೆ. ಉತ್ತರ ಬರಲಿಲ್ಲ. ಯಾರೋ ಮಾತಾಡುತ್ತಿದ್ದವರು ನಮ್ಮನ್ನು ಕಂಡು ಬಾಯಿ ಮುಚ್ಚಿದ ಹಾಗೆ. ಇಷ್ಟು ದಿನ ಆ ನರಳಿಕೆಗೂ ನನ್ನ ಕತ್ತು ಅಷ್ಟು ತಣ್ಣಗಾಗಿರಲಿಲ್ಲ.

ಕೆಳಗೆ ಮುಟ್ಟಿದಾಗ ಯಜಮಾನರು ಹಿಡಿದ ಉಸಿರು ಬಿಟ್ಟರು. "ನಾಳೆ ಎಂಟ್ಗಂಟೆಗೆ ಬಂದ್ಬುಡವ್ವ." ಜೀಪೆಲ್ಲ ಕೇಕೆ ಹಾಕಿತು.

ಸಂಜೆ ಜೀಪು ಕೊಟ್ಟಿಗೆಗೆ ಬಿಟ್ಟು ಬಂದೆ. ಮಗ, ಸೊಸೆ, ಮೊಮ್ಮಗಳು, ನಾನು ಮುದ್ದೆ, ಕೋಳಿ ಸಾರಿಗೆ ಕೂತೆವು. ಹೆಂಡತಿಗೂ ಮೂಲೆಯಲ್ಲಿ ಒಂದು ಎಲೆ ಹಾಕಿ ಎಡೆ ಇಟ್ಟಿದ್ದರು. ಮೊದಲ ತುತ್ತು ಎತ್ತುವಾಗ ಕೊಟ್ಟಿಗೆಯಿಂದ "ಟಿಣ್" ಎಂದಿತು. ಎಲ್ಲರ ಕೈ ನಿಂತಿತು.

"ಬಿಸಿ ಡ್ರಮ್ಮು ತಣ್ಣಗಾಗ್ತೈತೆ. ಉಣ್ಣು ತಾತ."

ಸೊಸೆ ಮಾತ್ರ ಎದ್ದು ಎಡೆಗೆ ಇನ್ನೊಂದು ತುಂಡು ಬಡಿಸಿ ಬಂದಳು. ಎಲ್ಲರೂ ನಕ್ಕೆವು, ನಗುತ್ತಲೇ ಉಂಡೆವು.