ಹೊಂಗೆ ಹಿಂಡಿಯ ಕಾವು

ಪಂಚಾಕ್ಷರಪ್ಪನ ಮೇಲಿನ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಜಗಳೂರಿನ ಹೊರಗೆ ಅವನದೊಂದು ಹೊಂಗೆ ಎಣ್ಣೆಯ ಮಿಲ್ಲು. ನಾನಲ್ಲಿ ಲಾರಿ ಡ್ರೈವರ್. ಕಲ್ಲಮ್ಮನ ಮಾತನ್ನು ಅವನು ಒಂದೇ ಒಂದು ಸಲ ಕೇಳಿದ್ದರೆ ಸಾಕಿತ್ತು.

ಕಲ್ಲಮ್ಮ ಹೊಳೆದಂಡೆಯ ಸಾಸ್ವೆಹಳ್ಳಿಯಲ್ಲಿ ಹುಟ್ಟಿ ಸೊಕ್ಕೆಗೆ ಸೊಸೆಯಾಗಿ ಬಂದವಳು. ನಲವತ್ತು ವರ್ಷ ಬೇಲಿಸಾಲಿನ ಹೊಂಗೆಕಾಯಿ ಆರಿಸಿ, ಬಡಿದು, ಬೀಜ ಮಾರಿದಳು. ಗಂಡನೂ ಮಗನೂ ಹೋದ ಮೇಲೆ ಸೊಸೆ ಮಮತಾಳೊಬ್ಬಳೇ ಅವಳಿಗೆ ದಿಕ್ಕು. ಮಮತಾ ಮಿಲ್ಲಿನ ಗೋದಾಮಿನಲ್ಲಿ ಚೀಲ ಹೊಲಿಯುತ್ತಿದ್ದಳು.

ಮಂಗಳೂರಿನ ಕಡೆಯ ಕಂಪನಿಯೊಂದು ನಮ್ಮ ಎಣ್ಣೆಯಿಂದ ಹಡಗಿನ ಎಂಜಿನ್ನಿಗೆ ಇಂಧನ ತಯಾರಿಸತೊಡಗಿದ ವರ್ಷ ಮಿಲ್ಲು ನಿಲ್ಲಲೇ ಇಲ್ಲ.

"ನಾ ಕಂಡಿದ್ದು ಹೊಳೆ ತೆಪ್ಪ ಅಷ್ಟೇ ಕಣಪ್ಪ. ದೀಪ ಹಚ್ಚೋ ಎಣ್ಣೀಲಿ ಹಡಗು ಓಡ್ತೈತಾ?" ಎಂದು ಕಲ್ಲಮ್ಮ ಕೇಳಿದ್ದಳು.

"ಡೀಸೆಲ್ ಹೊಗೆ ಕಡಿಮೆ ಆಗ್ಲಿ ಅಂತ ಹಿಂಗೆ ಮಾಡ್ತಾರಂತಮ್ಮ" ಎಂದಿದ್ದೆ.

ಎಣ್ಣೆ ತೆಗೆದ ಹಿಂಡಿಗೆ ನೀರು ಚಿಮುಕಿಸಿ ತೂಕ ಏರಿಸುವುದು ಇಲ್ಲಿಯ ಹಳೆಯ ಚಾಳಿ. ಅಂದಿನದು ಅಂದೇ ಕತ್ತಲಗೆರೆಯ ತೋಟಗಳಿಗೆ ಗೊಬ್ಬರವಾಗಿ ಹೋಗುತ್ತಿದ್ದಾಗ ಏನೂ ಆಗುತ್ತಿರಲಿಲ್ಲ. ಆ ವರ್ಷ ಲಾರಿಗಳೆಲ್ಲ ಎಣ್ಣೆ ಹೊತ್ತು ಘಟ್ಟ ಇಳಿದವು. ಒದ್ದೆ ಹಿಂಡಿಯ ಚೀಲಗಳು ಗೋದಾಮಿನ ಸೂರು ಮುಟ್ಟಿದವು.

ಬೀಜ ಹಾಕಲು ಬಂದ ಕಲ್ಲಮ್ಮ ಒಂದು ಚೀಲದೊಳಗೆ ಮೊಣಕೈವರೆಗೆ ಕೈ ತೂರಿಸಿ ನೋಡಿದಳು.

"ಸಾವ್ಕಾರ್ರೇ, ಒಳಗೆ ಕಾವು ಕೂತೈತ್ರೀ. ಬಿಚ್ಚಿ ಬಯಲಿಗೆ ಹರವಾಕೆ ಹೇಳ್ರಿ."

"ಒಲೆ ಹಚ್ಚೋದು ತಪ್ತು ಬಿಡು. ಅದರ ಮೇಲೇ ರೊಟ್ಟಿ ಸುಡು" ಎಂದ ಪಂಚಾಕ್ಷರಪ್ಪ. ನಾನೂ ನಕ್ಕೆ.

ಮೂರನೆಯ ದಿನ ಮಧ್ಯಾಹ್ನ ಲೋಡಿಗೆ ಹೋದಾಗ ಗೋದಾಮಿನಲ್ಲಿ ಸೀದ ವಾಸನೆ ಕವಿದಿತ್ತು. ಉರಿ ಕಾಣಲಿಲ್ಲ. ಮಮತಾ ಒಳಗಿನ ಮೂಲೆಯಲ್ಲಿ ಬೆನ್ನು ತಿರುಗಿಸಿ ಹೊಲಿಯುತ್ತಿದ್ದಳು. ಬೀಜ ಹಾಕಲು ಆಗಷ್ಟೇ ಬಂದಿದ್ದ ಕಲ್ಲಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಚೀಲ ಎಳೀಬ್ಯಾಡಪ್ಪ, ಒಳಕ್ಕೆ ಗಾಳಿ ಹೋಗಿ ಹತ್ತಿಕೊಳ್ತೈತೆ. ಮೊದ್ಲು ಮಮತಾನ ಹೊರಗೆ ಕರಿ."

ಬೆಳಗಿನಿಂದ ಹಿಂಡಿ ಲೋಡಿಗೆ ಕಾದು ನನ್ನ ತಲೆ ಕೆಟ್ಟಿತ್ತು. "ಸರಿಯಮ್ಮ ಅತ್ಲಾಗೆ" ಎಂದು ಅವಳನ್ನು ಸರಿಸಿ, ಒಟ್ಟಿಲಿನ ನಡುವಿನ ಚೀಲ ಜಗ್ಗಿದೆ. ಆ ಸಂದಿಯಿಂದಲೇ ಬೆಂಕಿ ನುಗ್ಗಿತು. ನಾನು ಹೊರಗೆ ಹಾರಿದೆ. ಕಲ್ಲಮ್ಮ ಒಳಗೆ ಓಡಿದಳು. ಸೊಸೆಯನ್ನು ಹಿಂದಿನ ಬಾಗಿಲಿನಿಂದ ನೂಕಿದಳು. ತಾನು ಹೊರಬೀಳುವ ಮೊದಲೇ ಒಟ್ಟಿಲು ಅವಳ ಮೇಲೆ ಕುಸಿಯಿತು.

ಕರೆಂಟಿನ ಬೆಂಕಿ ಎಂದು ಪಂಚಾಕ್ಷರಪ್ಪ ಪೊಲೀಸರ ಬಳಿ ಬರೆಸಿದ. ಬೇರೆ ಕಡೆ ಶೆಡ್ಡು ಹಾಕಿದ್ದಾನೆ. ಎಣ್ಣೆ ಈಗಲೂ ಹಡಗಿಗೆ ಹೋಗುತ್ತಿದೆ.

ಹೋದ ತಿಂಗಳು ಸೊಕ್ಕೆಯಲ್ಲಿ ಮಮತಾ ಕರೆದು ಕೂರಿಸಿ ಚಾ ಕೊಟ್ಟಳು.

"ಅಣ್ಣಾರೇ, ನೀವು ಬಾಗಿಲಲ್ಲೇ ಇದ್ರಲ್ಲ. ಒಮ್ಮೆಗೇ ಹೆಂಗೆ ಹತ್ತಿಕೊಳ್ತು?"

"ಯಾರು ಕಂಡಾರಮ್ಮ" ಎಂದೆ.

ಅವಳಿಗೆ ಸಲ್ಲಬೇಕಾದ ಉತ್ತರ ಅದಲ್ಲ. ನಿಜವಾದದ್ದನ್ನು ನಾನಿನ್ನೂ ಕೊಟ್ಟಿಲ್ಲ.