ಕ್ಯಾಂಟನ್ನಿನ ಉಪ್ಪಿಲ್ಲದ ಚಿತ್ರಾನ್ನ

ಅಕ್ಟೋಬರಿನ ಒಂದು ಶನಿವಾರ ಬೆಳಗಿನ ಜಾವ ನಮ್ಮೂರು ಎಲ್ಕ್ ಗ್ರೋವ್ ವಿಲೇಜಿನಿಂದ ಬಶೀರನ ವ್ಯಾನಿನಲ್ಲಿ ಹೊರಟೆ. ಹುಬ್ಬಳ್ಳಿ ಕಡೆಯ ಬಶೀರ್ ತನ್ನ ಕಿರಾಣಿ ಅಂಗಡಿಗೆ ಮಾಲು ತರಲು ಡಿಯರ್‌ಬಾರ್ನಿಗೆ ಹೋಗುತ್ತಿದ್ದ. ದಾರಿಯಲ್ಲಿ ನನ್ನನ್ನು ಮಿಶಿಗನ್ನಿನ ಕ್ಯಾಂಟನ್ನಿನಲ್ಲಿ ಇಳಿಸಲು ಒಪ್ಪಿದ್ದ. ಮುನ್ನೂರು ಮೈಲಿಗೆ ಸ್ವಲ್ಪ ಕಡಿಮೆ.

"ಯಾರನ್ನ ನೋಡಾಕ ಹೊಂಟೀರಿ ಅಂಕಲ್?"

"ಕ್ಯಾರಲ್ ಅಂತ. ಕ್ಷಮೆ ಕೇಳೋದಿದೆ."

"ಫೋನ್‌ನ್ಯಾಗ ಕೇಳಿದ್ರ ಇಷ್ಟ್ ದೂರದ ತ್ರಾಸ ತಪ್ಪತಿತ್ತಲ್ರೀ!"

ಗ್ಯಾರಿಯ ಉಕ್ಕಿನ ಕಾರ್ಖಾನೆಗಳ ಹೊಗೆ ದಾಟಿದ ಮೇಲೆ ಅವನಿಗೆ ಎಲ್ಲ ಹೇಳಿದೆ. ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ಬೇಸ್‌ಮೆಂಟಿನಲ್ಲಿ ಶನಿವಾರ ವಿಠ್ಠಲನ ಭಜನೆ ನಡೆಯುತ್ತಿತ್ತು. ಪಕ್ಕದ ಬೀದಿಯ ಕ್ಯಾರಲ್ ತಾಳದ ಸದ್ದು ಕೇಳಿ ಬಂದವಳು, ವರ್ಷದೊಳಗೆ ನಮಗಿಂತ ಚೆನ್ನಾಗಿ ಹಾಡತೊಡಗಿದಳು. ಎಲ್ಲರಂತೆ ನನ್ನನ್ನು ಅಣ್ಣ ಎನ್ನುತ್ತಿದ್ದಳು. ಒಮ್ಮೆ ನಮ್ಮಲ್ಲೇ ಚಿತ್ರಾನ್ನ ಮಾಡಿ, ನೈವೇದ್ಯಕ್ಕೆ ಮೊದಲೇ ರುಚಿ ನೋಡಿದಳು. ಎಂಜಲಾಯಿತೆಂದು ಎಲ್ಲರೆದುರು ಕೂಗಾಡಿ, ಪಾತ್ರೆಯನ್ನು ಕಸದ ಡಬ್ಬಿಗೆ ಸುರಿದೆ. ನಮ್ಮ ತಾಯಂದಿರು ಕೈಯಳತೆಯಲ್ಲೇ ಉಪ್ಪು ಹಾಕುತ್ತಿದ್ದರು. ಅದನ್ನು ಹೇಳಿಕೊಡುವುದು ಬಿಟ್ಟು ಬೈದೆ. ಅವಳು ಮತ್ತೆ ಬರಲಿಲ್ಲ, ಮಿಶಿಗನ್ನಿಗೆ ಹೋದಳು. ಕ್ಯಾಂಟನ್ನಿನಲ್ಲಿ ಅವಳೇ ಶನಿವಾರದ ಭಜನೆ ನಡೆಸುತ್ತಾಳೆಂದು ಮೊನ್ನೆಯಷ್ಟೇ ತಿಳಿಯಿತು. ನಮ್ಮ ಭಜನೆಯೂ ಸೊರಗಿ ನಿಂತಿತು. ಈಗಲೂ ಶನಿವಾರ ಸಂಜೆ ಆ ಮೆಟ್ಟಿಲಿಳಿದು ಕೂರುತ್ತೇನೆ; ಕಿವಿ ಅವಳ ದನಿಯನ್ನೇ ಕಾಯುತ್ತದೆ.

ಮಿಶಿಗನ್ನಿನಲ್ಲಿ ಗಡಿಯಾರ ಒಂದು ಗಂಟೆ ಮುಂದೆ. ಕ್ಯಾಂಟನ್ ಮುಟ್ಟುವಾಗ ಮಧ್ಯಾಹ್ನ. ಬಾಡಿಗೆಯ ಸಭಾಂಗಣದ ತುಂಬ ಜನ. ಅರ್ಧ ಬಿಳಿಯರು, ಅರ್ಧ ನಮ್ಮವರು. ಹಾಡುತ್ತಿದ್ದವಳು ಕ್ಯಾರಲ್. ಕೂದಲು ನೆರೆತಿತ್ತು, ದನಿ ಹಾಗೆಯೇ ಇತ್ತು. ಹಿಂದಿನ ಸಾಲಿನಲ್ಲಿ ಕುಳಿತು, ಅವಳು ಹಾಡಿದ ಸಾಲನ್ನು ಎಲ್ಲರ ಜೊತೆ ತಿರುಗಿ ಹಾಡಿದೆ.

ಪ್ರಸಾದ ಚಿತ್ರಾನ್ನವೇ. ಉಪ್ಪಿರಲಿಲ್ಲ. ಪಕ್ಕದ ಅಮೆರಿಕನ್ ಮುದುಕ ಉಪ್ಪಿನ ಡಬ್ಬಿ ನನ್ನ ಕಡೆ ತಳ್ಳಿದ. "ಮೊದಲು ದೇವರು, ಆಮೇಲೆ ಉಪ್ಪು. ಇಂಡಿಯಾದ ಹಳೇ ಪದ್ಧತಿ," ಎಂದು ನನಗೇ ತಿಳಿಸಿದ.

ಬಡಿಸುತ್ತ ಬಂದ ಕ್ಯಾರಲ್ ನನ್ನೆದುರು ನಿಂತುಬಿಟ್ಟಳು. "ಅಣ್ಣಾ!"

"ಆವತ್ತು ತಪ್ಪು ಮಾಡಿದೆ ಕ್ಯಾರಲ್. ಕ್ಷಮಿಸು."

"ರುಚಿ ನೋಡದೆ ಎಷ್ಟು ಹಾಕಬೇಕೋ ತಿಳಿಯಲಿಲ್ಲ. ಹೆದರಿ ಉಪ್ಪನ್ನೇ ಬಿಟ್ಟೆ," ಎಂದಳು ಇಂಗ್ಲಿಷಿನಲ್ಲಿ.

"ಕೈಯಳತೆ ತೋರಿಸುತ್ತೇನೆ. ಇನ್ನು ಮೇಲೆ ಹಾಕಮ್ಮ."

ಕಣ್ಣೊರೆಸಿಕೊಂಡು ನಕ್ಕಳು. "ಈಗ ಹಾಕಿದರೆ ಇವರೆಲ್ಲ ನನ್ನನ್ನು ಬಿಡ್ತಾರಾ, ಅಣ್ಣಾ?"

ಮಾಲು ತುಂಬಿಕೊಂಡು ಬಶೀರ್ ಬಂದಾಗ, ಹೊರಡುವ ಮೊದಲು ಒಂದು ಡಬ್ಬಿ ಚಿತ್ರಾನ್ನ ಕಟ್ಟಿಕೊಟ್ಟಳು. ಸಂಜೆ ಕಲಮಜೂ ದಾಟಿ ಹೆದ್ದಾರಿ ಬದಿಯ ರೆಸ್ಟ್ ಏರಿಯಾದಲ್ಲಿ ಬಶೀರ್ ಒಂದು ತುತ್ತು ತಿಂದು ಮುಖ ಕಿವುಚಿದ. "ಅಂಕಲ್, ಉಪ್ಪೇ ಇಲ್ಲಲ್ರೀ! ಯಾರ್ ಮಾಡ್ಯಾರ ಇದನ್ನ?"

"ಮಾಡಿದವಳು ಕ್ಯಾರಲ್," ಎಂದೆ. "ಉಪ್ಪು ತೆಗೆದವನು ನಾನು."

ಡಬ್ಬಿಯನ್ನು ನನ್ನ ಕಡೆ ಎಳೆದುಕೊಂಡು ಮಿಕ್ಕಿದ್ದನ್ನೆಲ್ಲ ತಿಂದೆ.