ಥಿಸಲ್‌ತ್ವೇಟ್ ಯಾವ ಮನೆಯವರು?

ಊರಿನ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಪೂಜೆಯ ಗಂಟೆ ಬಾರಿಸುವ ಹೊತ್ತಿಗೆ, ನನ್ನ ಮೊದಲ ದುಬೈ ಭಾನುವಾರ, ನಾನು ಜೆಬೆಲ್ ಅಲಿಯ ಕಂಪೆನಿ ಬಸ್ಸಿನಲ್ಲಿ ಕೆಲಸಕ್ಕೆ ಹೊರಟಿದ್ದೆ! ಆಗ ಇಲ್ಲಿ ವಾರದ ರಜೆ ಶುಕ್ರವಾರ. ಇನ್ನೊಂದು ವಿಚಿತ್ರವೆಂದರೆ ಆಫೀಸಿನಲ್ಲಿ ಮನೆತನದ ಹೆಸರೇ ಮಾಯ. ಮಂಗಳೂರಿನಲ್ಲಿ ಲೋಬೊ ಮನೆಯ ಹುಡುಗಿಯಾಗಿದ್ದ ನಾನು ಬರೀ 'ಮಿಸ್ ಐರಿನ್' ಆದೆ. ಇಂಗ್ಲೆಂಡಿನವರಾದ ನಮ್ಮ ಬಾಸ್ ಕೂಡ ಎಲ್ಲರಿಗೂ 'ಮಿಸ್ಟರ್ ಆಲನ್'.

ಅವರ ಬಾಗಿಲ ಮೇಲೆ ಪೂರ್ತಿ ಹೆಸರಿತ್ತು: ಆಲನ್ ಥಿಸಲ್‌ತ್ವೇಟ್. ಓದಿ ನಾನು ಅಲ್ಲೇ ನಿಂತುಬಿಟ್ಟೆ. ಇಂಥ ಹೆಸರು ಎಲ್ಲಿಯದಪ್ಪಾ! ನಮ್ಮ ಕಡೆಯ ಕ್ರೈಸ್ತರು ಇಬ್ಬರು ಸೇರಿದರೆ ಮನೆತನ, ಇಗರ್ಜಿ, ಮೂಲಮನೆ ಎಂದು ಕೇಳುತ್ತ ಹೋಗಿ ಏನಾದರೊಂದು ಸಂಬಂಧ ಹುಡುಕದೆ ಬಿಡುವುದಿಲ್ಲ. ಚಹಾದ ಹೊತ್ತಿಗೆ ಬಾಸ್ ಎದುರಾದಾಗ ಆ ಅಭ್ಯಾಸ ಬಾಯಿಗೆ ಬಂತು. "ಸರ್, ನೀವು ಎಲ್ಲಿಯ ಥಿಸಲ್‌ತ್ವೇಟ್? ಮೂಲಮನೆ ಯಾವುದು?" ಎಂದು ಎಲ್ಲರೆದುರೇ ಕೇಳಿಬಿಟ್ಟೆ. ಅವರು ಕಣ್ಣರಳಿಸಿ ನೋಡಿದರು. ಅಷ್ಟರಲ್ಲಿ ಫೋನು ಬಂತು, ಒಳಗೆ ಹೋದರು.

ಪಕ್ಕದ ಮೇಜಿನ ಭಟ್ಕಳದ ಸಲೀಂ ಭಾಯಿ ತಲೆಯ ಮೇಲೆ ಕೈಯಿಟ್ಟುಕೊಂಡರು. "ಎಂತ ಮಾರಾಯ್ತಿ, ಬಾಸ್ ಹತ್ರ ಕೇಳುವ ಪ್ರಶ್ನೆಯಾ ಅದು? ನಿಂದಿನ್ನೂ ಪ್ರೊಬೇಶನ್. ಕೆಲಸ ಹೋದ್ರೆ ವೀಸಾ ಖಲಾಸ್!"

ಖಲಾಸ್ ಊರಿನಲ್ಲೂ ಕೇಳಿದ ಮಾತೇ, ಇಲ್ಲಿ ಕೇಳಿದಾಗ ಮಾತ್ರ ಬಾಸಿನ ಬಾಗಿಲ ಕಡೆಗೇ ನೋಡುತ್ತ ಕುಳಿತೆ. ಕರಾಮ ಬಡಾವಣೆಯಲ್ಲಿ ಆಗಷ್ಟೇ ಒಂದು ಬೆಡ್‌ಸ್ಪೇಸ್, ಅಂದರೆ ಬಾಡಿಗೆಗೆ ಒಂದು ಮಂಚದಷ್ಟು ಜಾಗ, ಹಿಡಿದಿದ್ದೆ. ಅದೂ ಹೋಯಿತು ಅಂದುಕೊಂಡೆ.

ಮಧ್ಯಾಹ್ನ ಬಾಸ್ ಒಳಗೆ ಕರೆದರು. "ಇಲ್ಲಿ ಇದನ್ನು ಕೇಳಿದವರು ನೀವೊಬ್ಬರೇ. ಕೂತುಕೊಳ್ಳಿ!" ಅವರ ಮುಖ ಹಬ್ಬದ ಮನೆಯಂತಿತ್ತು. ಥಿಸಲ್ ಎಂದರೆ ಒಂದು ಮುಳ್ಳುಗಿಡ. ತ್ವೇಟ್ ಎಂದರೆ ಕಾಡು ಕಡಿದು ಮಾಡಿದ ಬಯಲು, ಹಡಗು ಹತ್ತಿ ಇಂಗ್ಲೆಂಡಿಗೆ ವಲಸೆ ಬಂದ, ನಾರ್ವೆ ಕಡೆಯ ನಾರ್ಸ್ ಜನರ ಮಾತು. ಇಂಗ್ಲೆಂಡಿನ ಉತ್ತರದ ಕಡೆ ಆ ಹೆಸರಿನ ಜಾಗವೊಂದಿತ್ತಂತೆ.

"ನಮ್ಮದೂ ಹಡಗಿನಲ್ಲಿ ಬಂದ ಹೆಸರೇ ಸರ್! ಪೋರ್ಚುಗೀಸ್ ಪಾದ್ರಿಗಳು ಕೊಟ್ಟದ್ದು. ಅದಕ್ಕೂ ಮೊದಲು ನಮ್ಮ ಮನೆತನದ ಹೆಸರು ಪ್ರಭು," ಎಂದೆ. ಭಯವೆಲ್ಲ ಎಲ್ಲಿ ಹೋಯಿತೋ!

"ಒಂದು ಗೊತ್ತಾ? ಅಲ್ಲೇ ಉಳಿದವರಿಗೆ ಊರಿನ ಹೆಸರು ಬೇಕಿರಲಿಲ್ಲ. ಹೊರಟುಬಂದವನನ್ನೇ ಜನ ಹಾಗೆ ಕರೆದದ್ದು," ಎಂದರು.

ಕೆಲಸ ಉಳಿಯಿತು. ಕರಾಮದ ಕೋಣೆಯಲ್ಲಿ ಇನ್ನೊಬ್ಬ ಐರಿನ್ ಇರುವುದರಿಂದ ನಾನು 'ಮಂಗಳೂರು ಐರಿನ್'. ಮೊದಲ ರಜೆಯಲ್ಲಿ ಊರಿಗೆ ಹೋದಾಗ, ಪೂಜೆ ಮುಗಿದ ಮೇಲೆ, ಇಗರ್ಜಿಯ ಅಂಗಳದಲ್ಲಿ ಚಿಕ್ಕಮ್ಮ ಯಾರಿಗೋ ಪರಿಚಯಿಸಿದರು: "ಇವಳು ನಮ್ಮ ದುಬೈ ಐರಿನ್."

ನಕ್ಕೆ. ಒಳಗೆ ಮಾತ್ರ ಚುರುಕ್ಕೆಂದಿತು. ಹೊರಟುಬಂದವಳೇ ನಾನು, ಎರಡೂ ಕಡೆಯಿಂದ.